ಕಾರ್ಖಾನೆ ಬರುವ ಮುನ್ನ ಊರಿನ ಮಕ್ಕಳಿಗೆ ಯಾವ ತರಬೇತಿ ಕೊಡಿಸಬೇಕು?

ಪ್ರಶ್ನೆ (ನಮ್ಮ ಗುಂಪಿನ ಭೋಸರಿಯ ಸದಸ್ಯರು): ನಮಸ್ಕಾರ ಸರ್. ನಾನು ವಿಜಯಪುರ ಜಿಲ್ಲೆಯವನು, ಹದಿನಾಲ್ಕು ವರ್ಷಗಳಿಂದ ಪುಣೆ ಬಳಿಯ ಭೋಸರಿಯಲ್ಲಿ ಟರ್ನರ್ (ಲೇತ್ ಯಂತ್ರದ ಕೆಲಸಗಾರ) ಆಗಿ ದುಡಿಯುತ್ತಿದ್ದೇನೆ. ನಮ್ಮ ತಾಲ್ಲೂಕಿಗೆ ಯಾವುದಾದರೂ ಕಾರ್ಖಾನೆ ತರಬೇಕೆಂದು ಊರಿನ ಹಿರಿಯರು ಓಡಾಡುತ್ತಿದ್ದಾರೆ. ಜಮೀನಿದೆ, ಹೆದ್ದಾರಿಯೂ ದೂರವಿಲ್ಲ. ಆದರೆ ನೋಡಲು ಬಂದ ಉದ್ದಿಮೆದಾರರೆಲ್ಲ ಕೆಲಸ ಬಲ್ಲ ಜನ ಎಲ್ಲಿದ್ದಾರೆ ಎಂದು ಕೇಳಿ ಹೊರಟುಹೋಗುತ್ತಾರೆ. ಅದಕ್ಕಾಗಿ ಪುಣೆಯಲ್ಲಿರುವ ನಮ್ಮ ತಾಲ್ಲೂಕಿನವರು ಹಣ ಕೂಡಿಸಿ, ಊರಿನಲ್ಲಿ ತರಬೇತಿ ಕೇಂದ್ರವೊಂದನ್ನು ಕಟ್ಟಿಸಿ, ಇಪ್ಪತ್ತು ಕಂಪ್ಯೂಟರ್ ಮತ್ತು ಒಂದು ಸಿಎನ್‌ಸಿ ಯಂತ್ರ (ಕಂಪ್ಯೂಟರ್ ಆಜ್ಞೆಯಂತೆ ಲೋಹ ಕತ್ತರಿಸುವ ಯಂತ್ರ) ಕೊಡಿಸಬೇಕೆಂದಿದ್ದೇವೆ. ತಾವು ಪುಣೆ ಬಳಿಯ ಚಾಕಣದ ಕಾರ್ಖಾನೆಯಲ್ಲಿ ಬಹಳ ವರ್ಷ ತರಬೇತಿ ವಿಭಾಗ ನಡೆಸಿದವರು. ಇದು ಸರಿಯಾದ ದಾರಿಯೇ?

ಉತ್ತರ: ತಮ್ಮ ಕಾಳಜಿ ದೊಡ್ಡದು, ಆದರೆ ದಯವಿಟ್ಟು ಕಟ್ಟಡಕ್ಕೆ ಇನ್ನೂ ಪಾಯ ತೆಗೆಯಬೇಡಿ. ಯಾವ ಕಾರ್ಖಾನೆ ಬರುತ್ತದೆಂಬುದು ತಿಳಿಯದೆ ಕೊಂಡ ಸಿಎನ್‌ಸಿ ಯಂತ್ರ ಉದ್ಘಾಟನೆಯ ಫೋಟೋಕ್ಕೆ ಚೆನ್ನಾಗಿರುತ್ತದೆ. ಅದರ ಮೇಲೆ ಕಲಿತ ಹುಡುಗನಿಗೆ ಊರಿನಲ್ಲಿ ಕೆಲಸವಿಲ್ಲದಿದ್ದರೆ ಅವನು ಬರುವುದು ತಮ್ಮ ಭೋಸರಿಗೇ. ಅಂದರೆ ತಮ್ಮ ಹಣದಲ್ಲಿ ಪುಣೆಯ ಕಾರ್ಖಾನೆಗಳಿಗೆ ಪುಕ್ಕಟೆಯಾಗಿ ಕೆಲಸಗಾರರನ್ನು ತಯಾರಿಸಿಕೊಟ್ಟಂತಾಗುತ್ತದೆ.

ಈ ವಿಷಯದಲ್ಲಿ ಅಮೆರಿಕದ ಹಿಂದುಳಿದ ಕೌಂಟಿಗಳ ಅನುಭವ ನಮಗೆ ಉಪಯೋಗಕ್ಕೆ ಬರುತ್ತದೆ. ಕೌಂಟಿ ಎಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ಹತ್ತಿ ಮತ್ತು ಬಟ್ಟೆ ಗಿರಣಿಗಳನ್ನು ನಂಬಿದ್ದ ದಕ್ಷಿಣ ಕೆರೊಲಿನಾ ರಾಜ್ಯವು 1961ರಲ್ಲಿ ತಾಂತ್ರಿಕ ತರಬೇತಿಯ ವ್ಯವಸ್ಥೆಯೊಂದನ್ನು ಆರಂಭಿಸಿತು. ನೆರೆಯ ಜಾರ್ಜಿಯ 1967ರಲ್ಲಿ ಕ್ವಿಕ್ ಸ್ಟಾರ್ಟ್ ಎಂಬ ಯೋಜನೆಯನ್ನು ತಂದಿತು. ಕಂಪನಿಯು ಬರುವುದಾಗಿ ಒಪ್ಪಿಕೊಂಡ ಮೇಲೆ, ಅದಕ್ಕೆ ಬೇಕಾದ ಕೆಲಸವನ್ನು, ಅದು ಬಳಸುವ ರೀತಿಯ ಯಂತ್ರಗಳ ಮೇಲೆ, ರಾಜ್ಯದ ಖರ್ಚಿನಲ್ಲಿ ಕಲಿಸಿಕೊಡುವುದು ಇವೆರಡರ ಪದ್ಧತಿ. ಗಿರಣಿಗಳು ಸೊರಗುತ್ತಿದ್ದ ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್ ಕೌಂಟಿಗೆ ಬಿಎಂಡಬ್ಲ್ಯು ಕಂಪನಿಯು 1992ರಲ್ಲಿ ಕಾರು ಕಾರ್ಖಾನೆ ಘೋಷಿಸಿತು. ತೆರಿಗೆ ರಿಯಾಯಿತಿ, ಜಮೀನು, ಬಂದರಿನ ಅನುಕೂಲ ಎಲ್ಲವೂ ಅಲ್ಲಿ ಕೆಲಸ ಮಾಡಿದವು, ಆದರೆ ಈ ತರಬೇತಿಯ ಭರವಸೆಯೂ ಕೊಡುಗೆಯ ಒಂದು ಮುಖ್ಯ ಭಾಗವಾಗಿತ್ತು.

ಅಷ್ಟು ದೂರ ಹೋಗುವುದೂ ಬೇಕಿಲ್ಲ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಔಂಧ್ ಸಂಸ್ಥಾನದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದಾಗ ಸುತ್ತಮುತ್ತ ಒಬ್ಬ ಫಿಟ್ಟರ್ ಸಿಗುವ ಸ್ಥಿತಿ ಇರಲಿಲ್ಲ. ಅವರು ಹಳ್ಳಿಯ ಜನರನ್ನೇ ಯಂತ್ರದ ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲಸ ಕಲಿಸಿ, ಅವರ ಕೈಯಿಂದಲೇ ಕಬ್ಬಿಣದ ನೇಗಿಲು ಮಾಡಿಸಿದರು.

ಮರುಪ್ರಶ್ನೆ (ಅದೇ ಸದಸ್ಯರು): ಸರ್, ಕಂಪನಿ ಬಂದರೆ ಮಾತ್ರ ತರಬೇತಿ ಎನ್ನುತ್ತೀರಿ. ಕಂಪನಿಯವರು ತರಬೇತಿ ಆದವರಿದ್ದರೆ ಮಾತ್ರ ಬರುತ್ತೇವೆ ಎನ್ನುತ್ತಾರೆ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬಂತಾಯಿತಲ್ಲ?

ಉತ್ತರ: ಒಪ್ಪುತ್ತೇನೆ, ಗಂಟು ಇರುವುದೇ ಅಲ್ಲಿ. ಬಿಡಿಸಲು ಒಂದು ಎಳೆ ಮಾತ್ರ ತಮ್ಮ ಕೈಯಲ್ಲೇ ಇದೆ, ತಾವು ಅದನ್ನು ಗಮನಿಸಿಲ್ಲ. ತಮ್ಮ ತಾಲ್ಲೂಕಿನಲ್ಲಿ ಕೆಲಸ ಬಲ್ಲವರು ಇಲ್ಲವೆಂಬ ಮಾತು ನಿಜವಲ್ಲ. ಅವರು ಭೋಸರಿ, ಚಿಂಚವಡ, ಚಾಕಣ, ರಾಂಜಣಗಾಂವಗಳಲ್ಲಿ ಬಾಡಿಗೆ ಖೋಲಿಗಳಲ್ಲಿದ್ದಾರೆ, ಅಷ್ಟೇ. ಮೊದಲು ಒಂದು ಪಟ್ಟಿ ಮಾಡಿ. ಯಾರು ಯಾವ ಯಂತ್ರದ ಮೇಲೆ ಎಷ್ಟು ವರ್ಷ ದುಡಿದಿದ್ದಾರೆ, ಡೈ (ಲೋಹಕ್ಕೆ ಆಕಾರ ಕೊಡುವ ಅಚ್ಚು) ಸೆಟ್ ಮಾಡಬಲ್ಲರೇ, ಮೇಂಟೆನನ್ಸ್ ಬರುತ್ತದೆಯೇ, ಮತ್ತು ಮುಖ್ಯವಾಗಿ ಎಷ್ಟು ಪಗಾರಕ್ಕೆ ಊರಿಗೆ ಮರಳಲು ಸಿದ್ಧರಿದ್ದಾರೆ ಎಂಬುದನ್ನು ಬರೆಸಿಕೊಳ್ಳಿ. ಹೊಸ ಕಾರ್ಖಾನೆಯವನನ್ನು ಕಾಡುವ ಚಿಂತೆ ಇನ್ನೂರು ಸಹಾಯಕರದ್ದಲ್ಲ. ಆ ಇನ್ನೂರು ಜನರಿಗೆ ಕೆಲಸ ಕಲಿಸಿ ಪಾಳಿ ನಡೆಸಬಲ್ಲ ಹದಿನೈದು ಇಪ್ಪತ್ತು ನುರಿತವರು ಎಲ್ಲಿ ಸಿಗುತ್ತಾರೆ ಎಂಬುದೇ ಅವನ ಚಿಂತೆ. ನಾನು ಹೊಸ ಘಟಕದ ಜಾಗ ನೋಡಲು ಹೋದ ತಂಡಗಳಲ್ಲಿ ಇದ್ದವನು. ಇಂಥ ಪಟ್ಟಿಯನ್ನು ಒಬ್ಬರೂ ನನ್ನ ಮುಂದೆ ಇಟ್ಟದ್ದಿಲ್ಲ, ಇಟ್ಟದ್ದೆಲ್ಲ ಜಮೀನಿನ ನಕ್ಷೆ ಮತ್ತು ಹೂವಿನ ಹಾರ.

ಎರಡನೆಯದು ಊರಿನಲ್ಲಿ ಈಗಾಗಲೇ ಇರುವ ಉದ್ಯೋಗದಾತರು. ತಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ, ಕೂಡಗಿಯಲ್ಲಿ 2400 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. 1961ರ ಅಪ್ರೆಂಟಿಸ್ (ದುಡಿಯುತ್ತಲೇ ಕೆಲಸ ಕಲಿಯುವವರು) ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ, ಗುತ್ತಿಗೆಯವರನ್ನೂ ಸೇರಿಸಿ ಮೂವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಯು ಅವರ ಸಂಖ್ಯೆಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಶೇ. 25ರಷ್ಟನ್ನು, ತಿಂಗಳಿಗೆ 1500 ರೂಪಾಯಿಯ ಮಿತಿಯೊಳಗೆ, ಕೇಂದ್ರ ಸರ್ಕಾರ ಭರಿಸಲು ಒಪ್ಪಿತು. ಎಷ್ಟೋ ಕಡೆ ಈ ಜಾಗಗಳು ಖಾಲಿ ಉಳಿಯುತ್ತವೆ, ಏಕೆಂದರೆ ಹುಡುಗರಿಗೆ ಅರ್ಜಿ ಹಾಕಿಸುವವರಿಲ್ಲ, ಪೋರ್ಟಲ್ಲಿನಲ್ಲಿ ಹೆಸರು ನೋಂದಾಯಿಸುವಷ್ಟರಲ್ಲೇ ಸುಸ್ತಾಗಿ ಬಿಟ್ಟುಬಿಡುತ್ತಾರೆ. ತಮ್ಮ ಹಣದಲ್ಲಿ ಕಟ್ಟಡ ಕಟ್ಟುವ ಬದಲು ಈ ಕೆಲಸ ಬಲ್ಲ ಒಬ್ಬರನ್ನು ಸಂಬಳಕ್ಕಿಟ್ಟು, ಹತ್ತಿರದ ಸರ್ಕಾರಿ ಐಟಿಐಗೆ ಮಕ್ಕಳನ್ನು ಸೇರಿಸುವುದರಿಂದ ಹಿಡಿದು ಅಪ್ರೆಂಟಿಸ್ ಒಪ್ಪಂದದವರೆಗೆ ಕೈಹಿಡಿದು ನಡೆಸಿದರೆ ಫಲ ಹೆಚ್ಚು.

ಏನು ಕಲಿಸಬೇಕೆಂದರೆ, ಯಾವ ಕಾರ್ಖಾನೆ ಬಂದರೂ ಬೇಕಾಗುವ ಕಸುಬುಗಳನ್ನು ಕಲಿಸಬೇಕು: ಎಲೆಕ್ಟ್ರಿಷಿಯನ್, ಫಿಟ್ಟರ್, ವೆಲ್ಡರ್. ಕಾರ್ಖಾನೆ ಬಾರದಿದ್ದರೂ ಇವರು ಬೋರ್‌ವೆಲ್ ಮೋಟಾರು, ಟ್ರ್ಯಾಕ್ಟರು, ಕಬ್ಬಿಣದ ಗೇಟು ಎಂದು ಊರಿನಲ್ಲೇ ಬದುಕಬಲ್ಲರು. ಡ್ರಾಯಿಂಗ್ ಓದುವುದು, ವರ್ನಿಯರ್ ಮತ್ತು ಮೈಕ್ರೋಮೀಟರ್ ಹಿಡಿದು ಸರಿಯಾಗಿ ಅಳೆಯುವುದು ಗಟ್ಟಿಯಾಗಿ ಬಂದ ಹುಡುಗನಿಗೆ ಸಿಎನ್‌ಸಿ ಕಲಿಸಲು ನಮಗೆ ಹೆಚ್ಚು ದಿನ ಬೇಕಾಗುವುದಿಲ್ಲ. ಅಳತೆ ಬಾರದವನಿಗೆ ಗುಂಡಿ ಒತ್ತಲು ಮಾತ್ರ ಕಲಿಸಿದರೆ ಅವನು ಕೊನೆಯವರೆಗೂ ಗುಂಡಿ ಒತ್ತುತ್ತಲೇ ಇರುತ್ತಾನೆ.

ಪ್ರಶ್ನೆ (ನಿಗಡಿಯ ಸದಸ್ಯೆ): ಸರ್, ಇದೆಲ್ಲ ಗಂಡುಮಕ್ಕಳ ಮಾತಾಯಿತು. ನಮ್ಮ ಊರಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತ ಹೆಣ್ಣುಮಕ್ಕಳೇ ಹೆಚ್ಚು. ಅವರಿಗೆ ಮೂರು ತಿಂಗಳ ಹೊಲಿಗೆ ತರಬೇತಿ ಬಿಟ್ಟರೆ ಬೇರೇನೂ ಇಲ್ಲವೇ?

ಉತ್ತರ: ಇದೆ ತಂಗಿ, ಮೊದಲೇ ನಾನು ಹೇಳಬೇಕಿದ್ದ ಮಾತನ್ನು ನೀವು ನೆನಪಿಸಿದಿರಿ. ವೈರಿಂಗ್ ಹಾರ್ನೆಸ್ (ವಾಹನದ ವೈರುಗಳ ಕಟ್ಟು), ಎಲೆಕ್ಟ್ರಾನಿಕ್ಸ್ ಜೋಡಣೆ, ಗುಣಮಟ್ಟ ತಪಾಸಣೆ ಈ ವಿಭಾಗಗಳಲ್ಲಿ ಚಾಕಣದಲ್ಲಿ ಸಾಲುಸಾಲು ಹೆಣ್ಣುಮಕ್ಕಳು ದುಡಿಯುತ್ತಿದ್ದಾರೆ. ಅವರಿಗೆ ಅಡ್ಡಿಯಾಗುವುದು ಹೆಚ್ಚಾಗಿ ತರಬೇತಿಯ ಕೊರತೆಯಲ್ಲ, ಬಸ್ಸು. ಮೊದಲ ಪಾಳಿ ಬೆಳಿಗ್ಗೆ ಏಳಕ್ಕೆ ಆರಂಭವಾಗಿ, ಹಳ್ಳಿಯಿಂದ ಮೊದಲ ಬಸ್ಸು ಎಂಟಕ್ಕೆ ಹೊರಟರೆ ಯಾವ ಪ್ರಮಾಣಪತ್ರವೂ ಕೆಲಸಕ್ಕೆ ಬಾರದು. ಉದ್ದಿಮೆದಾರರೊಡನೆ ಮಾತಿಗೆ ಕುಳಿತಾಗ ಹಿರಿಯರು ಬಸ್ಸಿನ ವಿಷಯವನ್ನು ಮೊದಲು ಎತ್ತಲಿ. ಆ ಮಾತುಕತೆಗೆ ಒಬ್ಬಿಬ್ಬರು ಹೆಣ್ಣುಮಕ್ಕಳ ತಾಯಂದಿರನ್ನೂ ಕರೆದುಕೊಂಡು ಹೋಗಲಿ.

ಭೋಸರಿಯ ಸದಸ್ಯರು: ಧನ್ಯವಾದ ಸರ್. ಪಟ್ಟಿಯ ಕೆಲಸ ಈ ಭಾನುವಾರವೇ ಆರಂಭಿಸುತ್ತೇವೆ. ಹೆಸರುಗಳನ್ನು ಈ ಗುಂಪಿನಲ್ಲಿಯೇ ಹಾಕಲೇ?

ಉತ್ತರ: ಬೇಡ. ಇಲ್ಲಿ ಅನೇಕರ ಸೂಪರ್‌ವೈಸರುಗಳೂ ಇದ್ದಾರೆ. ಊರಿಗೆ ಮರಳುವ ಆಸೆ ತಿಳಿದರೆ ಮುಂದಿನ ಬಡ್ತಿ ತಪ್ಪಬಹುದು. ಒಂದು ನೋಟುಬುಕ್ಕಿನಲ್ಲಿ ಬರೆದು ತಮ್ಮ ಬಳಿಯೇ ಇಟ್ಟುಕೊಳ್ಳಿ, ಉದ್ದಿಮೆದಾರರಿಗೆ ಹೆಸರಿಲ್ಲದೆ ಕಸುಬು ಮತ್ತು ಅನುಭವವನ್ನಷ್ಟೇ ತೋರಿಸಿ.