ಕರೆಯೋಲೆಯ 'ಎಕ್ಸ್' ಬಗ್ಗೆ ದೊಡ್ಡಮ್ಮನ ಉತ್ತರ

ಪ್ರೀತಿಯ ಮಕ್ಕಳೇ, ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ಪುಟ್ಟಿ ಗಾಬರಿಯಿಂದ ಕೇಳಿದ ಪ್ರಶ್ನೆಯನ್ನು ಈಗಷ್ಟೇ ಓದಿದೆ. ಕ್ರಿಸ್ಮಸ್ ಹಬ್ಬದ ಮರುದಿನ ನಡೆಯಲಿರುವ ಮಗುವಿನ ದೀಕ್ಷಾಸ್ನಾನದ ಕರೆಯೋಲೆಯಲ್ಲಿ ಇಂಗ್ಲಿಷಿನಲ್ಲಿ ಆ ಹಬ್ಬದ ಹೆಸರನ್ನು ಚಿಕ್ಕದಾಗಿಸಿ 'ಎಕ್ಸ್‌ಮಸ್' ಎಂದು ಅಚ್ಚಾಗುತ್ತಿದೆಯಂತೆ. ಹಾಗೆ ಬರೆಯುವುದು ಕ್ರಿಸ್ತನ ಹೆಸರನ್ನೇ ಹೊಡೆದುಹಾಕಿದ ಪಾಪ ಎಂಬ ಸಂದೇಶವೊಂದು ಅವಳಿಗೆ ಬಂದಿದೆಯಂತೆ. ಅರ್ಥ ವಿಚಾರಿಸದೆ ಯಾವುದನ್ನೂ ಪಾಪವೆಂದು ಕರೆಯಬೇಡಿ. ಹೀಗೆ ಕರೆದು ನಮ್ಮ ಮನೆಯವರೇ ಏನು ಕಳೆದುಕೊಂಡರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಕ್ಕನನ್ನು ಮಂಗಳೂರಿನ ಕಥೊಲಿಕರ ಮನೆಗೆ ಕೊಟ್ಟ ವರ್ಷ ಪ್ರಾಟೆಸ್ಟಂಟರಾದ ನಮ್ಮಲ್ಲಿ ಎಷ್ಟು ಮಾತು ನಡೆದಿತ್ತೆಂದು ನಿಮಗೆಲ್ಲ ಗೊತ್ತೇ ಇದೆ. ದೊಡ್ಡಪ್ಪನ ಸ್ವಭಾವವನ್ನೂ ಹೊಸದಾಗಿ ಹೇಳಬೇಕಾಗಿಲ್ಲ. ಆ ಡಿಸೆಂಬರಿನಲ್ಲಿ ಭಾವನವರು ಬಹಳ ಪ್ರೀತಿಯಿಂದ ಕಳುಹಿಸಿದ ಶುಭಾಶಯ ಪತ್ರದ ಮೇಲೆ ಚಿನ್ನದ ಬಣ್ಣದಲ್ಲಿ ಇದೇ 'ಎಕ್ಸ್‌ಮಸ್' ಅಚ್ಚಾಗಿತ್ತು. ಸಭೆಯ ಹಿರಿಯರಾಗಿದ್ದ ದೊಡ್ಡಪ್ಪ ಅದನ್ನು ನೋಡಿದವರೇ, 'ಕರ್ತನ ಹೆಸರಿನ ಮೇಲೆ ಕಾಟು ಹೊಡೆದ ಕಾಗದ ಈ ಮನೆಯಲ್ಲಿ ಇರಕೂಡದು' ಎಂದು ಬೇರೆ ಲಕೋಟೆಗೆ ಹಾಕಿ, ಅಂಚೆಯಲ್ಲಿ ಹಿಂದಕ್ಕೆ ಕಳುಹಿಸಿಬಿಟ್ಟರು. ಆ ವರ್ಷ ಅಕ್ಕನ ಮನೆಯಿಂದ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ ಬರಲಿಲ್ಲ; ಮುಂದೆಯೂ ಎಷ್ಟೋ ವರ್ಷ ಬರಲಿಲ್ಲ. ಹಬ್ಬದ ದಿನ ನಮ್ಮಮ್ಮ ಯಾರೊಡನೆಯೂ ಮಾತನಾಡದೆ ಬಡಿಸುತ್ತಿದ್ದರು.

ಬಹಳ ಕಾಲದ ಮೇಲೆ ನಮ್ಮ ಸಭಾಪಾಲಕರು ಮನೆಗೆ ಬಂದಿದ್ದಾಗ ಗ್ರೀಕ್ ಹೊಸ ಒಡಂಬಡಿಕೆಯನ್ನೇ ತೆರೆದು ದೊಡ್ಡಪ್ಪನ ಮುಂದಿಟ್ಟರು. ಅಲ್ಲಿ 'ಕ್ರಿಸ್ತೋಸ್' ಎಂಬ ಹೆಸರಿನ ಮೊದಲ ಅಕ್ಷರ 'ಖೀ'. ಅದರ ಆಕಾರ ಇಂಗ್ಲಿಷಿನ ಎಕ್ಸ್‌ನಂತೆಯೇ ಇದೆ. ಮುದ್ರಣಯಂತ್ರ ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ, ಸತ್ಯವೇದವನ್ನು, ಅಂದರೆ ಬೈಬಲನ್ನು, ಕೈಯಿಂದ ನಕಲು ಮಾಡುತ್ತಿದ್ದ ಭಕ್ತರು ಪವಿತ್ರ ನಾಮಗಳನ್ನು ಎರಡು ಮೂರು ಅಕ್ಷರಗಳಿಗೆ ಇಳಿಸಿ, ಮೇಲೊಂದು ಗೆರೆ ಎಳೆದು ಬರೆಯುತ್ತಿದ್ದರು. ಅದು ಆ ಹೆಸರಿಗೆ ತೋರುತ್ತಿದ್ದ ಮರ್ಯಾದೆ. 4ನೆಯ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನ ಸೈನ್ಯದ ಲಾಂಛನವಾದದ್ದೂ ಇದೇ ಖೀ ಮತ್ತು ಅದರ ಮುಂದಿನ ಅಕ್ಷರ 'ರೋ' ಕೂಡಿದ ಗುರುತು. ಇಂಗ್ಲೆಂಡಿನಲ್ಲಿಯೂ ಸುಮಾರು 1100ರ ಹೊತ್ತಿಗೇ ಹಬ್ಬದ ಹೆಸರನ್ನು ಈ ಅಕ್ಷರದಿಂದ ಆರಂಭಿಸಿ ಚಿಕ್ಕದಾಗಿ ಬರೆದದ್ದುಂಟು. ಎಲ್ಲವನ್ನೂ ಕೇಳಿ ದೊಡ್ಡಪ್ಪ ಸುಮ್ಮನಾದರೇ ಹೊರತು ಮಂಗಳೂರಿಗೆ ಒಂದು ಸಾಲು ಬರೆಯಲಿಲ್ಲ. ಬರೆಯದೆಯೇ ಹೋಗಿಬಿಟ್ಟರು.

ಮೊದಲರ್ಧದ ಮೇಲೆ ಸಿಟ್ಟಾಗುವವರು ಉಳಿದರ್ಧವನ್ನು ಏನು ಮಾಡುತ್ತಾರೆ? 'ಮಸ್' ಎಂದರೆ ಮಾಸ್, ಅಂದರೆ ಅಕ್ಕನ ಮನೆಯವರು ಇಗರ್ಜಿಯಲ್ಲಿ ಅರ್ಪಿಸುವ ಬಲಿಪೂಜೆ. ಹಳೆಯ ಇಂಗ್ಲಿಷಿನಲ್ಲಿ 'ಕ್ರಿಸ್ತನ ಬಲಿಪೂಜೆ' ಎಂಬ ಅರ್ಥದಲ್ಲಿ 1038ರಲ್ಲಿಯೇ ಈ ಹೆಸರು ದಾಖಲಾಗಿದೆ. ಇಂಗ್ಲೆಂಡಿನ ಕಟ್ಟಾ ಪ್ರಾಟೆಸ್ಟಂಟರಾದ ಪ್ಯೂರಿಟನರಿಗೆ ಆ ತುದಿಯೇ ಮುಳ್ಳಾಗಿ, ಅವರಲ್ಲಿ ಕೆಲವರು 'ಕ್ರೈಸ್ಟ್‌ಟೈಡ್' (ಕ್ರಿಸ್ತನ ಹಬ್ಬದ ಕಾಲ) ಎನ್ನತೊಡಗಿದರು. 1647ರಲ್ಲಿ ಅಲ್ಲಿನ ಸಂಸತ್ತು ಹಬ್ಬವನ್ನೇ ರದ್ದುಮಾಡಿತು. ಅಕ್ಕನ ಮನೆಯಲ್ಲಿ ಕೊಂಕಣಿಯಲ್ಲಿ 'ನತಾಲಾಂ' ಎನ್ನುತ್ತಾರೆ. ಅದು ಪೋರ್ಚುಗೀಸರ 'ನತಾಲ್', ಜನನವೆಂದೇ ಅರ್ಥ. ನಮ್ಮ 'ಕ್ರಿಸ್ತ ಜಯಂತಿ'ಯೂ ಅದನ್ನೇ ಹೇಳುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರ ಜರ್ಮನ್ ನುಡಿಯಲ್ಲಿ ಅದೇ ಹಬ್ಬ 'ವೈನಾಖ್ಟನ್', ಪವಿತ್ರ ರಾತ್ರಿಗಳು. ಇವುಗಳಲ್ಲಿ ಯಾವುದನ್ನು ಪಾಪವೆನ್ನುತ್ತೀರಿ? ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ: ಅರ್ಥ ವಿಚಾರಿಸದೆ ಪಾಪವೆನ್ನಬೇಡಿ, ಅಂಥ ಸಂದೇಶವನ್ನು ಮುಂದಕ್ಕೆ ಕಳುಹಿಸಲೂ ಬೇಡಿ.

ಹೆಸರಿನ ಮೇಲೆ ಇಷ್ಟೆಲ್ಲ ಕಾಳಜಿ ಇರುವವರು ಕಳೆದ ವರ್ಷ ಎಲ್ಲಿದ್ದರೋ ನನಗೆ ತಿಳಿಯದು. ದೇವಾಲಯದ ಬಾಗಿಲಿಗೆ ಪ್ರತಿ ವರ್ಷ ಕಟ್ಟುತ್ತಿದ್ದ 'ಕ್ರಿಸ್ತ ಜಯಂತಿಯ ಶುಭಾಶಯಗಳು' ಎಂಬ ಬಟ್ಟೆಯನ್ನು ಬಿಚ್ಚಿ, ಇಂಗ್ಲಿಷಿನ ಫ್ಲೆಕ್ಸ್ ಕಟ್ಟಿದಾಗ ಬಾಯಿಬಿಟ್ಟವಳು ನಾನೊಬ್ಬಳೇ. 'ಆಂಟಿ, ಕನ್ನಡ ಈಗ ಯಾರು ಓದುತ್ತಾರೆ' ಎಂದು ಫ್ಲೆಕ್ಸ್ ಕಟ್ಟಿದವರು ನಗುತ್ತಲೇ ಕೇಳಿದರು. ನಾಲ್ಕು ತಲೆಮಾರು ಕನ್ನಡ ಸತ್ಯವೇದ ಓದಿ, ಕನ್ನಡದಲ್ಲೇ ಕೀರ್ತನೆ ಹಾಡಿದ ಸಭೆಯಲ್ಲಿ ನಿಂತು ನನ್ನನ್ನು ಹೀಗೆ ಕೇಳಿದರು. ಆ ಬಟ್ಟೆಯ ಅಕ್ಷರಗಳಿಗೆ ಕಸೂತಿ ಹಾಕಿದವರು ನಮ್ಮಮ್ಮ ಎಂಬುದೂ ಅವರಿಗೆ ನೆನಪಿರಲಿಲ್ಲ. ಅದೀಗ ಯಾವ ಕಪಾಟಿನಲ್ಲಿದೆಯೆಂದು ವಿಚಾರಿಸಿದರೆ ಒಬ್ಬರೂ ಉತ್ತರ ಕೊಡುವುದಿಲ್ಲ.

ಇರಲಿ. ಪುಟ್ಟಿ ಕೇಳಿದ್ದು ಕರೆಯೋಲೆಯ ವಿಷಯ. ಎಕ್ಸ್ ಪಾಪವಲ್ಲವಾದರೂ ನೀನು ಅದನ್ನು ಅಚ್ಚು ಹಾಕಿಸಬೇಡ; ನಿನ್ನ ಅತ್ತೆಯ ಕಡೆಯಲ್ಲಿ ದೊಡ್ಡಪ್ಪನಂಥವರು ಇನ್ನೂ ಇಬ್ಬರಿದ್ದಾರೆ, ಒಬ್ಬೊಬ್ಬರಿಗೂ ಗ್ರೀಕ್ ಪಾಠ ಹೇಳುತ್ತ ಕೂರಲು ಆಗುವುದಿಲ್ಲ. ಇಂಗ್ಲಿಷಿನಲ್ಲಿ ಪೂರ್ತಿ ಹೆಸರನ್ನೇ ಹಾಕಿಸು. ಕನ್ನಡದ ಭಾಗದಲ್ಲಿ 'ಕ್ರಿಸ್ಮಸ್ ಮರುದಿನ, ಡಿಸೆಂಬರ್ 26' ಎಂದಿರಲಿ. ಕೆಳಗಿನ 'ಮೆರಿ ಕ್ರಿಸ್ಮಸ್' ಎಂಬ ಶುಭಾಶಯದ ಸಾಲನ್ನು ನೀನೇ ನೋಡು: ಅಚ್ಚಿನವರು ಸಾಮಾನ್ಯವಾಗಿ 'ಮೆರಿ'ಯನ್ನು 'ಮೇರಿ' ಮಾಡಿಬಿಡುತ್ತಾರೆ, ಸಂತೋಷದ ಹಬ್ಬವನ್ನು ಜನ ಮಾತೆ ಮರಿಯಳ ಹಬ್ಬವೆಂದು ಓದುತ್ತಾರೆ. ಆ ಸಾಲನ್ನು ತೆಗೆದು 'ಕ್ರಿಸ್ತ ಜಯಂತಿಯ ಶುಭಾಶಯಗಳು' ಎಂದು ಹಾಕಿಸಿದರೆ ಒಳ್ಳೆಯದು. ಅಚ್ಚುಕೂಟದವರಿಗೆ ಇಂದು ಸಂಜೆಯೊಳಗೆ ಫೋನು ಮಾಡಿ ಕೆಲಸ ನಿಲ್ಲಿಸಲು ಹೇಳು. ತಿದ್ದಿದ ಕರಡನ್ನು ಇಲ್ಲಿ ಹಾಕು, ನಾನು ಒಮ್ಮೆ ಓದಿ ನೋಡುತ್ತೇನೆ.