ಒಂಬುಡ್ಸ್‌ಮನ್ ವರದಿ ನಮ್ಮ ಪರ ಬಂದಿದೆ, ಇಲಾಖೆ ಕದಲುತ್ತಿಲ್ಲ. ಮುಂದೇನು?

ಪ್ರಶ್ನೆ:
ಅಮ್ಮನ ಪಿಂಚಣಿ ಲೆಕ್ಕ ಹಾಕುವಾಗ ಇಲಾಖೆಯವರು ಅವರ ಸೇವೆಯ ಮೊದಲ ಕೆಲವು ವರ್ಷಗಳನ್ನು ಬಿಟ್ಟೇಬಿಟ್ಟಿದ್ದರು. ಕೇಳಿದರೆ "ಹಳೇ ಕಡತ ಸಿಗ್ತಿಲ್ಲ" ಅಂದರು. ಒಂಬುಡ್ಸ್‌ಮನ್‌ಗೆ (ಸರ್ಕಾರಿ ಕಚೇರಿಗಳ ತಪ್ಪಿನ ಮೇಲಿನ ದೂರು ವಿಚಾರಿಸಿ ಶಿಫಾರಸು ಮಾಡುವ ಅಧಿಕಾರಿ) ದೂರು ಕೊಟ್ಟೆವು. ಅವರು ಕಡತ ತರಿಸಿಕೊಂಡರು (ಆಗ ಸಿಕ್ತು ನೋಡಿ!), ತಪ್ಪು ಇಲಾಖೆಯದ್ದೇ, ಬಾಕಿ ಕೊಡಿ ಅಂತ ವರದಿ ಬರೆದರು. ಆಮೇಲೆ ಇಲಾಖೆಯಿಂದ ಬಂದದ್ದು ಒಂದೇ ಸಾಲು: "ಶಿಫಾರಸನ್ನು ಗಮನಿಸಲಾಗಿದೆ." ದುಡ್ಡಿನ ಮಾತೇ ಇಲ್ಲ.
ಆದೇಶ ಮಾಡೋಕೆ ಆಗದವರು ಇದ್ದು ಏನು ಪ್ರಯೋಜನ? ನಾಳೆ ಅವರೇ ದೂರು ಮುಚ್ಚಿಹಾಕಿದರೆ ಅವರನ್ನು ಕೇಳೋರು ಯಾರು?

ಉತ್ತರ 1:
ಹಲ್ಲು ಕಿತ್ತ ಹಾವು. ನೇರ ಕೋರ್ಟಿಗೆ ಹೋಗಿ.

ಉತ್ತರ 2:
ಅಷ್ಟು ಬೇಗ ಕೈಬಿಡಬೇಡಿ. ಇಂಥದ್ದೇ ಒಂದು ಕಚೇರಿಯ ದೂರು ವಿಭಾಗದಲ್ಲಿ ಕೆಲಸ ಮಾಡಿದವಳು ನಾನು.
ವರದಿಯನ್ನು ಇನ್ನೊಮ್ಮೆ ತೆಗೆದು ನೋಡಿ. ಅದರಲ್ಲಿ ಎರಡು ಭಾಗ ಇರುತ್ತದೆ. ಏನು ತಪ್ಪಾಯ್ತು ಅನ್ನೋದು ಒಂದು, ಅದಕ್ಕೆ ಏನು ಪರಿಹಾರ ಅನ್ನೋದು ಇನ್ನೊಂದು. ಇಲಾಖೆಗಳು ಬೇಕಂತಲೇ ಎರಡನ್ನೂ ಕಲಸಿ "ಗಮನಿಸಲಾಗಿದೆ" ಅಂತ ಬರೆಯುತ್ತವೆ. ನೀವು ಬಿಡಿಸಿ ಕೇಳಿ: ತಪ್ಪಾಗಿದೆ ಅನ್ನೋದನ್ನು ಒಪ್ಪುತ್ತೀರಾ? ಇಲ್ಲ ಅಂದರೆ ಕಾರಣ ಏನು? ಒಪ್ಪಿದರೆ ಹಣ ಯಾಕೆ ಕೊಡಲ್ಲ?
ಬ್ರಿಟನ್ನಿನಲ್ಲಿ ಇಂಥದ್ದೇ ಪಿಂಚಣಿ ಜಗಳ ಕೋರ್ಟಿಗೆ ಹೋಗಿತ್ತು. 2008ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಒಂಬುಡ್ಸ್‌ಮನ್ ಕಂಡುಕೊಂಡದ್ದಕ್ಕೆ ಮಂತ್ರಿ ಕಟ್ಟುಬೀಳಬೇಕಿಲ್ಲ, ಆದರೆ ತಳ್ಳಿಹಾಕಬೇಕಾದರೆ ಗಟ್ಟಿ ಕಾರಣ ಇರಬೇಕು ಅಂದಿತು. ಇಷ್ಟ ಇಲ್ಲ ಅಂದರೆ ಸಾಲದು. ನಿಮ್ಮಲ್ಲಿ ಕಾನೂನು ಬೇರೆ ಇರಬಹುದು, ಆದರೂ ಕಾರಣವನ್ನು ಬರಹದಲ್ಲೇ ಕೇಳಿ. ಆ ಕಾಗದ ಮುಂದೆ ಕೋರ್ಟಿಗೂ ಬೇಕಾಗುತ್ತದೆ.
ವರದಿಯ ಪ್ರತಿ ಜೊತೆಗೆ ನಿಮ್ಮ ಶಾಸನಸಭೆಯ ಸದಸ್ಯರಿಗೂ ಬರೆಯಿರಿ. ಸದನದಲ್ಲಿ ಪ್ರಶ್ನೆ ಬಂದರೆ ಕಡತ ತಾನಾಗಿ ಓಡುತ್ತದೆ, ನಾನೇ ನೋಡಿದ್ದೀನಿ.

ಉತ್ತರ 3:
ಗಟ್ಟಿ ಕಾರಣ ಅಂತೆ! ಅದೇ ಬ್ರಿಟನ್ನಿನಲ್ಲಿ 2024ರ ಮಾರ್ಚ್‌ನಲ್ಲಿ ಒಂಬುಡ್ಸ್‌ಮನ್, ಪಿಂಚಣಿ ವಯಸ್ಸು ಏರಿದ್ದನ್ನು ಮಹಿಳೆಯರಿಗೆ ಸರಿಯಾಗಿ ತಿಳಿಸಲಿಲ್ಲ, 1,000ದಿಂದ 2,950 ಪೌಂಡ್ ಪರಿಹಾರ ಕೊಡಿ ಅಂದರು. ಡಿಸೆಂಬರ್‌ನಲ್ಲಿ ಸರ್ಕಾರ ಏನು ಮಾಡಿತು? ಪತ್ರ ಕಳಿಸೋದು 28 ತಿಂಗಳು ತಡವಾಯ್ತು, ಕ್ಷಮಿಸಿ ಅಂತು. ದುಡ್ಡು ಮಾತ್ರ ಇಲ್ಲ ಅಂತು.

ಉತ್ತರ 2:
ಸರಿ, ಆದರೆ ಆ "ಇಲ್ಲ"ವನ್ನು ಸಂಸತ್ತಿನಲ್ಲಿ ಎದ್ದು ನಿಂತು ಹೇಳಬೇಕಾಯ್ತಲ್ವಾ? ಇಲ್ಲಿ ಒಬ್ಬ ಗುಮಾಸ್ತನ ಸಹಿ ಹಾಕಿಸಿ ಮುಗಿಸಿದ್ದಾರೆ.
ಇನ್ನು ಎರಡನೇ ಪ್ರಶ್ನೆ. ಒಂಬುಡ್ಸ್‌ಮನ್ ಸರ್ಕಾರಕ್ಕೆ ಉತ್ತರ ಕೊಡುವಂತಾದರೆ ಕಥೆ ಮುಗೀತು. 1809ರಲ್ಲಿ ಸ್ವೀಡನ್ ಈ ಹುದ್ದೆ ಹುಟ್ಟುಹಾಕಿದಾಗಲೇ ಅದನ್ನು ಸಂಸತ್ತಿನ ಕೈಗೆ ಕೊಟ್ಟಿತು. ಈಗಲೂ ಅಲ್ಲಿ ಆರಿಸೋದು ಸಂಸತ್ತೇ, ವಾರ್ಷಿಕ ವರದಿ ಹೋಗೋದೂ ಅಲ್ಲಿಗೇ. ನಂಬಿಕೆ ಕಳೆದುಕೊಂಡರೆ ತೆಗೆಯೋದೂ ಅದೇ. ನಿಮ್ಮ ಒಂಬುಡ್ಸ್‌ಮನ್ ದೂರು ಮುಚ್ಚಿದರೆ ಮೊದಲು ಒಳಗಿನ ಮರುಪರಿಶೀಲನೆ ಕೇಳಿ. ಕಾನೂನು ಮೀರಿದ್ದರೆ ಕೋರ್ಟ್ ನೋಡುತ್ತದೆ. ಅವರ ತೀರ್ಮಾನ ಹಿಡಿಸಲಿಲ್ಲ ಅಂತ ಮಾತ್ರ ಹೋದರೆ ಕೋರ್ಟ್ ಸುಮ್ನೆ ವಾಪಸ್ ಕಳಿಸುತ್ತದೆ. ನಮ್ಮ ಕಚೇರಿಯ ಬಗ್ಗೆಯೇ ಜಾಸ್ತಿ ದೂರು ಬರ್ತಿದ್ದದ್ದು ತೀರ್ಮಾನದ ಮೇಲಲ್ಲ, ತಡದ ಮೇಲೆ. ಅದು ನ್ಯಾಯವಾದ ದೂರೇ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಮೇಡಂ. ಪತ್ರದಲ್ಲಿ ಆ ಮೂರೂ ಪ್ರಶ್ನೆ ಹಾಕಿದ್ದೇನೆ. ಒಂಬುಡ್ಸ್‌ಮನ್ ಕಚೇರಿಗೂ ಒಂದು ಪ್ರತಿ ಕಳಿಸಬೇಕಾ?

ಉತ್ತರ 2:
ಖಂಡಿತ. ನಿಮ್ಮ ದೂರಿನ ಸಂಖ್ಯೆ ಮೇಲೆಯೇ ಬರೆಯಿರಿ, ಇಲ್ಲಾಂದ್ರೆ ಹೊಸ ದೂರು ಅಂತ ದಾಖಲಿಸಿಬಿಡ್ತಾರೆ.