ನಾತ ಅಳೆಯುವುದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಪದಚರ್ಚೆಯ ಗೆಳೆಯರಿಗೆ ನಮಸ್ಕಾರ.

ಹುಬ್ಬಳ್ಳಿಯ ನಮ್ಮ ಓಣಿಯಿಂದ ಸ್ವಲ್ಪ ದೂರದಲ್ಲಿ ಗಟಾರ ನೀರು ಶುದ್ಧ ಮಾಡುವ ಘಟಕ ಇದೆ. ಗಾಳಿ ಬೀಸದ ದಿನ ನಸುಕಿನಲ್ಲಿ ಅದರ ನಾತ ಅಡುಗೆಮನೆವರೆಗೂ ಬರುತ್ತದೆ. ಅದನ್ನು ಸರಿಯಾಗಿ ಅಳೆಯಿಸಿ ಎಂದು ಓಣಿಯವರೆಲ್ಲ ಸೇರಿ ಮನವಿ ಕೊಡುತ್ತಿದ್ದೇವೆ. ಅಳೆಯುವುದು ಹೇಗೆ ಅಂತ ಎರಡು ಪುಟ ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೆಲವು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಮೊದಲು ಇಂಗ್ಲಿಷಿನ ‘ಓಡರ್’ (odour) ತಗೊಳ್ಳಿ. ಕಚೇರಿಯ ಕನ್ನಡದಲ್ಲಿ ಇದು ಸೀದಾ ‘ದುರ್ವಾಸನೆ’ ಆಗುತ್ತದೆ. ಆದರೆ ಅಳತೆಯಲ್ಲಿ ಒಳ್ಳೆಯದು, ಕೆಟ್ಟದು ಎಂಬ ಭೇದ ಇಲ್ಲ. ಅದೇ ಘಟಕದಲ್ಲಿ ಗಾಳಿ ಊದುವ ತೊಟ್ಟಿ ಚೆನ್ನಾಗಿ ನಡೆಯುತ್ತಿದ್ದರೆ ಅಲ್ಲಿ ಹಸಿ ಮಣ್ಣಿನ ವಾಸನೆ ಇರುತ್ತದೆ. ನೀರು ಒಳಗೆ ಬರುವ ಬಾಯಿಯ ಹತ್ತಿರ ಮತ್ತು ರಾಡಿ ಗಟ್ಟಿ ಮಾಡುವ ಕಡೆ ತಲೆ ತಿರುಗುವಷ್ಟು ನಾತ. ಅಳತೆಗೆ ಎರಡೂ ಲೆಕ್ಕವೇ. ಹಾಗಾದರೆ ‘ವಾಸನೆ’ ಸಾಕಲ್ವಾ ಅಂದುಕೊಂಡೆ. ನಮ್ಮ ಕಡೆ ‘ವಾಸನಿ ಬರಾಕತ್ತೈತಿ’ ಅಂದರೆ ಕೇಳಿದವರು ಮೂಗು ಮುಚ್ಚಿಕೊಳ್ಳುತ್ತಾರೆ. ಒಳ್ಳೆಯದಕ್ಕೆ ಘಮ, ಪರಿಮಳ, ಕಂಪು ಅಂತ ಬೇರೆಯೇ ಮಾತು ಇವೆ. ವಾಸನೆ ಪದದ ಹೆಸರು ಆಡುಮಾತಿನಲ್ಲಿ ಅರ್ಧ ಕೆಟ್ಟಿದೆ.

ಇಂಥ ಪದಗಳು ಹೀಗೆ ಹೊರಳುವುದು ಹೊಸದಲ್ಲ. ನಮ್ಮ ಕಂಪು ಹೂವಿನದು, ತೆಲುಗಿನಲ್ಲಿ ಅದೇ ‘ಕಂಪು’ ಅಂದರೆ ಗಬ್ಬು. ನಮ್ಮ ‘ನಾರು’ ಕ್ರಿಯಾಪದದ ತಮಿಳು ಒಡಹುಟ್ಟಿಗೆ ಹಳೆಯ ತಮಿಳಿನಲ್ಲಿ ಸುವಾಸನೆ ಬೀರು ಎಂಬ ಅರ್ಥ ಇತ್ತು. ಈಗ ಅಲ್ಲಿಯೂ ಅದು ಹೊಲಸಿನ ಮಾತು. ಇಷ್ಟಾದರೂ ನಾನು ಅಳತೆಯ ಜಾಗದಲ್ಲಿ ‘ವಾಸನೆ’ಯನ್ನೇ ಉಳಿಸಿಕೊಂಡಿದ್ದೇನೆ. ದೂರು ಹೇಳುವ ಜಾಗದಲ್ಲಿ ಮಾತ್ರ ‘ನಾತ’. ಇದು ಒಪ್ಪುತ್ತದೆಯೇ ಹೇಳಿ.

ಒಂದು ಪದ ಮಾತ್ರ ನನಗೆ ತುಂಬಾ ಖುಷಿ ಕೊಟ್ಟಿತು, ಘಾಟು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಸುರಿದಾಗ ಏಳುವುದನ್ನು ಯಾರೂ ನಾತ ಅನ್ನುವುದಿಲ್ಲ, ಪರಿಮಳ ಅಂತಲೂ ಅನ್ನುವುದಿಲ್ಲ. ಅದು ಮೂಗು, ಕಣ್ಣು, ಗಂಟಲನ್ನು ಚುಚ್ಚುತ್ತದೆ. ವಿಜ್ಞಾನವೂ ಇದನ್ನೇ ಹೇಳುತ್ತದೆ. ವಾಸನೆ ಹಿಡಿಯುವ ನರ ಬೇರೆ, ಉರಿ ಮತ್ತು ಚುಚ್ಚುವಿಕೆಯನ್ನು ಹಿಡಿಯುವ ನರ ಬೇರೆ. ರಾಡಿಯಿಂದ ಏಳುವ ಅಮೋನಿಯಾ ಜಾಸ್ತಿಯಾದರೆ ಘಾಟು, ಹೈಡ್ರೋಜನ್ ಸಲ್ಫೈಡ್ ಎಂಬ ಗಂಧಕದ ಗ್ಯಾಸು ನಾತ. ಇಂಗ್ಲಿಷಿನಲ್ಲಿ ಎಷ್ಟೋ ಸಲ ಎರಡನ್ನೂ ಓಡರ್ ಎಂದು ಒಂದೇ ಬುಟ್ಟಿಗೆ ಹಾಕುತ್ತಾರೆ. ಕನ್ನಡದಲ್ಲಿ ಬೇರೆ ಮಾಡಿ ಬರೆಯೋಣ ಅಂತ ನನ್ನ ಆಸೆ.

ಈಗ ಮುಖ್ಯವಾದ ತೊಡಕು, ಅಳತೆಯ ಮಾನ. ಯುರೋಪಿನಲ್ಲಿ 2003ರಲ್ಲಿ ಬಂದು 2022ರಲ್ಲಿ ತಿದ್ದುಪಡಿಯಾದ ಇಎನ್ 13725 ಎಂಬ ಮಾನದಂಡ ಇದೆ. ಅದರಲ್ಲಿ ಅಳೆಯುವುದು ಮನುಷ್ಯರ ಮೂಗೇ. ತೊಟ್ಟಿಯ ನೀರಿನ ಮೇಲೆ ಡಬ್ಬಿಯಂಥ ಮುಚ್ಚಳ ಬೋರಲು ಹಾಕಿ, ಅಲ್ಲಿಯ ಗಾಳಿಯನ್ನು ವಾಸನೆಯಿಲ್ಲದ ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಾರೆ. ಯಂತ್ರ ಅದಕ್ಕೆ ಶುದ್ಧ ಗಾಳಿ ಬೆರೆಸಿ ಮೂಗಿನ ಮುಂದೆ ಬಿಡುತ್ತದೆ. ಮೊದಲು ಬಹಳ ತೆಳುವಾಗಿ, ಆಮೇಲೆ ಸ್ವಲ್ಪ ಸ್ವಲ್ಪ ಗಟ್ಟಿಯಾಗಿ. ಮೂಸುವವರು ಕನಿಷ್ಠ 4 ಜನ ಇರಬೇಕು. ಅವರಲ್ಲಿ ಅರ್ಧ ಜನಕ್ಕೆ ‘ಏನೋ ಇದೆ’ ಅನಿಸುವ ಹಂತದಲ್ಲಿ ಎಷ್ಟು ಪಟ್ಟು ತೆಳುವಾಗಿತ್ತು ಎಂಬುದೇ ಲೆಕ್ಕ. ಸಾವಿರ ಪಟ್ಟು ತೆಳು ಮಾಡಿದಾಗ ಆ ಹಂತ ಬಂದರೆ ಅದು ಘನಮೀಟರಿಗೆ 1000 ಓಡರ್ ಯೂನಿಟ್.

ಇದನ್ನು ‘ವಾಸನಾ ಸಾಂದ್ರತೆ’ ಅಂತ ಬರೆದರೆ ಶಾಲೆಯಲ್ಲಿ ಸಾಂದ್ರತೆ ಅಂದರೆ ಡೆನ್ಸಿಟಿ ಅಂತ ಕಲಿತವರು ಗೊಂದಲಕ್ಕೆ ಬೀಳುತ್ತಾರೆ. ಪಕ್ಕದ ಮನೆಯ ಅಕ್ಕನಿಗೆ ನಾನು ಹೀಗೆ ಹೇಳಿದೆ: ‘ಸಾರಿಗೆ ಉಪ್ಪು ಜಾಸ್ತಿ ಆತಂದ್ರ, ಎಷ್ಟು ನೀರು ಹಾಕಿದ್ರ ಉಪ್ಪು ಗೊತ್ತಾಗೂದಿಲ್ಲೋ ಅದ ಲೆಕ್ಕ ಅಕ್ಕಾ.’ ಒಂದೇ ಸಲಕ್ಕೆ ಅರ್ಥವಾಯಿತು. ಆದ್ದರಿಂದ ‘ವಾಸನೆಪಟ್ಟು’ ಎಂಬ ಪದ ಹೊಳೆದಿದೆ. ‘ಈ ತೊಟ್ಟಿಯ ಗಾಳಿ 1000 ವಾಸನೆಪಟ್ಟು’ ಅಂದರೆ ಹೇಗಿದೆ? ಕುಸ್ತಿಯ ಪಟ್ಟು ನೆನಪಾಗುತ್ತದೆಯೋ ಎಂಬ ಅಳುಕು ಇದೆ.

ಅರ್ಧ ಜನಕ್ಕೆ ಗೊತ್ತಾಗುವ ಆ ಹಂತಕ್ಕೆ ‘ಹೊಸ್ತಿಲು’ ಅಂತ ಕೆಲವರು ಬರೆಯುತ್ತಾರೆ. ಅದು ಇಂಗ್ಲಿಷಿನ ‘ಥ್ರೆಶೋಲ್ಡ್’ ಪದದ ನೆರಳು ಅನಿಸುತ್ತದೆ. ಇದರಲ್ಲಿ ಎರಡು ಮೆಟ್ಟಿಲು ಇವೆ. ಏನೋ ಇದೆ ಅನ್ನುವುದು ಒಂದು, ಇದು ಇಂಥದ್ದರ ವಾಸನೆ ಅಂತ ಹೇಳುವುದು ಇನ್ನೊಂದು. ‘ಸುಳಿವಿನ ಮಟ್ಟ’ ಮತ್ತು ‘ಗುರುತಿನ ಮಟ್ಟ’ ಅಂತ ಇಟ್ಟುಕೊಂಡಿದ್ದೇನೆ. ಇವೆರಡರ ಬಗ್ಗೆ ನನಗೆ ಸಾಕಷ್ಟು ಧೈರ್ಯವಿದೆ.

‘ಎಮಿಷನ್’ಗೆ ‘ಹೊರಸೂಸುವಿಕೆ’ ಎಲ್ಲ ಕಡೆ ಕಾಣುತ್ತದೆ. ಆದರೆ ಸೂಸುವುದು ಪರಿಮಳ ಅಲ್ವಾ? ಹಾವೇರಿಯ ಏಲಕ್ಕಿ ಮಾಲೆ ಪರಿಮಳ ಸೂಸುತ್ತದೆ. ಗಟಾರ ಗಬ್ಬೆದ್ದು ನಾರುತ್ತದೆ. ನಾತಕ್ಕೆ ನಮ್ಮಲ್ಲಿ ಏಳುವುದು, ಹೊಡೆಯುವುದು, ಬಡಿಯುವುದು ಇವೆ. ಘಟಕದಿಂದ ಸೆಕೆಂಡಿಗೆ ಎಷ್ಟು ಹೊರಗೆ ಹೋಗುತ್ತದೆ ಎಂಬುದಕ್ಕೆ ‘ವಾಸನೆ ಏಳುವ ಪ್ರಮಾಣ’ ಅಂದರೆ ಸಾಕು. ಪಟ್ಟನ್ನು ಹೊರಬರುವ ಗಾಳಿಯ ಪ್ರಮಾಣದಿಂದ ಗುಣಿಸಿದರೆ ಅದು ಸಿಗುತ್ತದೆ. 1000 ಪಟ್ಟಿನ ಗಾಳಿ ಸೆಕೆಂಡಿಗೆ 3 ಘನಮೀಟರ್ ಹೊರಬಂದರೆ ಸೆಕೆಂಡಿಗೆ 3000 ಓಡರ್ ಯೂನಿಟ್.

ಇನ್ನು ಆ ನಾಲ್ಕು ಜನಕ್ಕೆ ಏನೆನ್ನೋಣ? ಮೇಲೆ ‘ಮೂಸುವವರು’ ಅಂತ ಬರೆದಿದ್ದೇನೆ. ನಾಯಿ, ದನ ಮೂಸುತ್ತವೆ, ಮನುಷ್ಯರಿಗೆ ಹಾಗನ್ನುವುದು ಮರ್ಯಾದೆಯಲ್ಲ ಅಂತ ಹಿರಿಯರೊಬ್ಬರು ತಡೆದರು. ಆದರೆ ಮನೆಯಲ್ಲಿ ಹಾಲು ಕೆಟ್ಟಿದೆಯೋ ಅಂತ ‘ಮೂಸಿ ನೋಡು’ ಅಂತಲೇ ಹೇಳುತ್ತೇವೆ. ‘ಆಘ್ರಾಣಿಸುವವರು’ ನನ್ನ ಕೈಯಲ್ಲಿ ಬರೆಯಲು ಆಗುತ್ತಿಲ್ಲ.

ಒಂದು ಪದವನ್ನು ಮಾತ್ರ ಬೇಗ ಖಚಿತ ಮಾಡಬೇಕು, ಜೀವದ ಪ್ರಶ್ನೆ ಇದೆ. ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು) ಆಸುಪಾಸು ತಲುಪಿದರೆ ಮೂಗಿಗೆ ಅದು ಗೊತ್ತಾಗುವುದೇ ನಿಂತುಹೋಗಬಹುದು. ನಾತ ಹೋಯಿತು ಅಂತ ಮ್ಯಾನ್‌ಹೋಲಿಗೆ ಇಳಿದರೆ ಸಾವು. ಇದಕ್ಕೆ ‘ಘ್ರಾಣ ದಣಿವು’ ಅಂತ ಬರೆದರೆ ಅಲ್ಲಿ ದುಡಿಯುವವರಿಗೆ ಏನು ತಿಳಿಯಬೇಕು? ‘ಮೂಗು ಸಾಯುವುದು’ ಅಂತ ಬರೆಯಲೇ?

ಈ ಗ್ಯಾಸಿನ ವಾಸನೆಗೆ ಎಲ್ಲ ಪುಸ್ತಕಗಳೂ ಕೊಳೆತ ಮೊಟ್ಟೆಯ ಹೋಲಿಕೆ ಕೊಡುತ್ತವೆ. ಅದನ್ನು ಓದಿ ಅಕ್ಕ ಕೇಳಿದರು: ‘ನಮ್ಮನ್ಯಾಗ ತತ್ತಿನ ತರೂದಿಲ್ಲ, ಕೊಳೆತ ತತ್ತಿ ವಾಸನಿ ಹೆಂಗ ಗೊತ್ತಾಗಬೇಕು?’ ಪಾನಿಪೂರಿ ನೀರಿಗೆ ಹಾಕುವ ಕಾಲಾ ನಮಕ್ ಮೂಸಿ ನೋಡಿ ಅಂದೆ, ಅದರಲ್ಲೂ ಗಂಧಕದ ಅದೇ ಜಾತಿಯ ವಾಸನೆ ಇದೆ. ನಿಮ್ಮ ಕಡೆ ಈ ವಾಸನೆಗೆ ಬೇರೆ ಹೆಸರೋ ಹೋಲಿಕೆಯೋ ಇದ್ದರೆ ದಯವಿಟ್ಟು ಬರೆಯಿರಿ. ಕರಡು ಮುಂದಿನ ವಾರ ಓಣಿಯ ಸಭೆಗೆ ಹೋಗಬೇಕು.